ಗ್ಯಾಸು ಅಂದ ದೊಡ್ಡ ಸಿಸ್ಟರ್

ಆ ಆಸ್ಪತ್ರೆಗೆ ಹೊಟ್ಟೆ ಹಿಡಿದುಕೊಂಡು ಯಾರೇ ಬರಲಿ, ಡಾಕ್ಟರು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಒಂದು ಮಾತು ಹೊರಟೇಬಿಡುತ್ತಿತ್ತು: "ದೊಡ್ಡ ಸಿಸ್ಟರ್ ಎಲ್ಲಿ? ಸ್ವಲ್ಪ ಕರೀರಿ." ದೊಡ್ಡ ಸಿಸ್ಟರ್ ಅಂದರೆ ಆಪರೇಷನ್ ಥಿಯೇಟರಿನ ಹಿರಿಯ ನರ್ಸು. ಹತ್ತೊಂಬತ್ತನೇ ವಯಸ್ಸಿನಲ್ಲಿ ಆ ಬಾಗಿಲು ಹೊಕ್ಕವಳಿಗೆ ಈಗ ಐವತ್ತು. ಅಷ್ಟರಲ್ಲಿ ಮೂವರು ಹಿರಿಯ ಸರ್ಜನ್ನರು ನಿವೃತ್ತರಾಗಿ ಮನೆ ಸೇರಿದ್ದರು, ಅವಳು ಮಾತ್ರ ಕಂಬದ ಹಾಗೆ ಅಲ್ಲೇ ಇದ್ದಳು. ಅಪೆಂಡಿಕ್ಸ್ ಆಪರೇಷನ್ ಒಂದಕ್ಕೇ ಎಷ್ಟು ಸಲ ಕತ್ತರಿ, ಚಿಮಟ ಎತ್ತಿ ಕೊಟ್ಟಿದ್ದಳೋ ಅವಳಿಗೇ ನೆನಪಿಲ್ಲ. ಕಿರುಬೆರಳಿನಷ್ಟು ಉದ್ದದ ಆ ಕೆಲಸಕ್ಕೆ ಬಾರದ ಬಾಲ ಊದಿಕೊಂಡಾಗ ಹೇಗಿರುತ್ತದೆ, ಕೊಳೆತು ಕಪ್ಪಾದಾಗ ಹೇಗಿರುತ್ತದೆ, ಒಡೆದು ಹೊಟ್ಟೆಯೆಲ್ಲ ಕೀವಾದಾಗ ಎಂಥ ವಾಸನೆ ಬರುತ್ತದೆ, ಎಲ್ಲವೂ ಅವಳಿಗೆ ಗೊತ್ತು.

ಇಂಥ ಹೆಂಗಸು ಈಗ ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತಾಳೆ. ಯಾರಾದರೂ "ಸಿಸ್ಟರ್, ಈ ಹೊಟ್ಟೆ ಸ್ವಲ್ಪ ನೋಡ್ತೀರಾ" ಅಂದರೆ "ಡಾಕ್ಟರನ್ನ ಕರೀರಿ" ಅಂದು ಮುಖ ತಿರುಗಿಸಿ ನಡೆದುಬಿಡುತ್ತಾಳೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತು ಅಂತಾರಲ್ಲ, ಆ ಕಥೆ ಇದು. ಆದರೆ ಹಲ್ಲಿ ತಾನೊಂದೇ ಬಿದ್ದಿದ್ದರೆ ಚಿಂತೆಯಿರಲಿಲ್ಲ, ಇವಳು ಇನ್ನೊಬ್ಬಳನ್ನೂ ಕೆಡವಿದಳು.

ಮೊದಲು ಅವಳ ಕೈಯ ವಿಷಯ ಹೇಳಬೇಕು. ಅವಳು ಹೊಟ್ಟೆ ಮುಟ್ಟುವುದಕ್ಕೆ ಮುಂಚೆ, ರೋಗಿ ಮಂಚ ಹತ್ತುವುದನ್ನು ನೋಡುತ್ತಿದ್ದಳು. ಬೆನ್ನು ಬಗ್ಗಿಸಿ, ಬಲಗಾಲನ್ನು ಜೋಪಾನ ಮಾಡುತ್ತ ಹತ್ತಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. "ಒಂದ್ಸಲ ಕೆಮ್ಮಿ ನೋಡೋಣ" ಅನ್ನುವಳು. ಕೆಮ್ಮಿದವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಡುವಳು. ಆಮೇಲೆ ಪ್ರಶ್ನೆ. ನೋವು ಶುರುವಾಗಿದ್ದು ಹೊಕ್ಕುಳ ಸುತ್ತವೋ? ಈಗ ಕೆಳಗೆ ಬಲಕ್ಕೆ ಇಳಿದಿದೆಯೋ? ಊಟ ಬೇಕೆನಿಸುತ್ತದೋ? ನೋವು ಮೊದಲೋ ವಾಂತಿ ಮೊದಲೋ? ಎಲ್ಲ ಮುಗಿದ ಮೇಲೆ ಮೂರು ಬೆರಳು. ಹೊಕ್ಕುಳಿಗೂ ಬಲ ಸೊಂಟದ ಮೂಳೆಗೂ ನಡುವೆ ನಿಧಾನವಾಗಿ ಒತ್ತಿ ಫಕ್ಕನೆ ಬಿಡುವಳು. ಒತ್ತಿದಾಗಿನದಕ್ಕಿಂತ ಬಿಟ್ಟಾಗ ರೋಗಿ ಹೆಚ್ಚು ಮುಖ ಕಿವಿಚಿದರೆ "ಸರ್, ಟೇಬಲ್ ರೆಡಿ ಮಾಡ್ತೀನಿ" ಅಂದು ಎದ್ದುಬಿಡುವಳು. ಸ್ಕ್ಯಾನ್ ಆಮೇಲೆ ಬಂದು ಅವಳ ಮಾತಿಗೆ ಹೂಂಗುಟ್ಟುತ್ತಿತ್ತು, ಅಷ್ಟೆ.

ಹೊಸದಾಗಿ ಬಂದ ನರ್ಸ್ ಹುಡುಗಿಯರಿಗೆ ಅವಳೇ ಪಾಠ. "ಕೇಳ್ರೇ, ಅಪೆಂಡಿಕ್ಸ್ ನೋವು ಇದ್ದಕ್ಕಿದ್ದಂತೆ ತಾನಾಗೇ ನಿಂತ್ರೆ ನಗಬೇಡಿ, ಓಡಿ. ಊದಿದ ಬಲೂನು ಒಡೆದಾಗ ಬಿಗಿತ ಹೋಗುತ್ತೆ, ಅದಕ್ಕೇ ನೋವು ನಿಲ್ಲುತ್ತೆ. ಎರಡು ಗಂಟೆ ಸುಖ, ಆಮೇಲೆ ಹೊಟ್ಟೆಯೆಲ್ಲ ವಿಷ." ಹುಡುಗಿಯರು ಇದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಬಲ್ಲವಳಿಗೆ ಒಂದೇ ಒಂದು ಕೊರತೆ, ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಥಿಯೇಟರಿಗೆ ಬರುವ ರೋಗಿ ಐದು ನಿಮಿಷದಲ್ಲಿ ನಿದ್ದೆ ಹೋಗುತ್ತಾನೆ. ಮೂವತ್ತೊಂದು ವರ್ಷ ಮಲಗಿದವರ ಜೊತೆಯೇ ಕಳೆದವಳಿಗೆ, ಎದ್ದು ಕೂತು ನರಳುವವರು ಅಂದರೆ ಏನೋ ಅತಿ ಮಾಡುತ್ತಿದ್ದಾರೆ ಅನಿಸುತ್ತಿತ್ತು. ಅದೂ ಮನೆಯವರಾದರೆ ಮುಗಿದೇಹೋಯಿತು.

ಮನೆಯಲ್ಲಿ ಇದ್ದವಳು ಅಯ್ಯಮ್ಮ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಕರೆಯುವವರಿರಲಿಲ್ಲ. ಸೂಜಿ ಚುಚ್ಚಿದರೂ "ಅಯ್ಯಮ್ಮಾ!", ಹಾಲು ಉಕ್ಕಿದರೂ "ಅಯ್ಯಮ್ಮಾ!", ಗುಡುಗಿದರಂತೂ ಕೇಳಲೇಬೇಡಿ. ಹಾಗಾಗಿ ಅದೇ ಅಡ್ಡಹೆಸರಾಯಿತು. ಅವಳು ದೊಡ್ಡ ಸಿಸ್ಟರಿನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಒಂದೇ ಮನೆ, ಕೆಳಗೆ ಇವರು, ಮೇಲೆ ಅವರು. ದೊಡ್ಡ ಸಿಸ್ಟರಿನ ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮೈದುನ ಲಿಫ್ಟ್ ರಿಪೇರಿಯ ಮೆಕ್ಯಾನಿಕ್ಕು. ಅಯ್ಯಮ್ಮ ಮಹಡಿಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಅವರಿಗೆ ಎಂಟು ವರ್ಷದ ಒಬ್ಬ ಮಗಳು. ಅಯ್ಯಮ್ಮ ಕೆಟ್ಟವಳಲ್ಲ, ಸೋಮಾರಿಯೂ ಅಲ್ಲ. ಒಂದು ದಿನ ತಲೆ, ಒಂದು ದಿನ ಸೊಂಟ, ಒಂದು ದಿನ ಭುಜ, ಏನಾದರೊಂದು ನೋವು ಅವಳ ಮೈಯಲ್ಲಿ ಬಾಡಿಗೆಗೆ ಇದ್ದೇ ಇರುತ್ತಿತ್ತು, ಅದನ್ನು ಹತ್ತು ಜನರಿಗೆ ಹೇಳದಿದ್ದರೆ ಅವಳಿಗೆ ಸಮಾಧಾನ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಇದೇ ಅಯ್ಯಮ್ಮ ಹೊಟ್ಟೆನೋವು ಅಂತ ನೆಲದ ಮೇಲೆ ಹೊರಳಾಡಿದ್ದಳು. ದೊಡ್ಡ ಸಿಸ್ಟರ್ ಗಾಬರಿಬಿದ್ದು, ಅವಳನ್ನು ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋಗಿ, ತನ್ನ ಹೆಸರು ಹೇಳಿ ಸಾಲು ತಪ್ಪಿಸಿ, "ಅಪೆಂಡಿಕ್ಸೇ ಇರಬೇಕು, ಟೇಬಲ್ ರೆಡಿ ಮಾಡ್ರೇ" ಅಂತ ಹುಡುಗಿಯರನ್ನು ಓಡಾಡಿಸಿದಳು. ಸ್ಕ್ಯಾನ್ ಮಂಚದ ಮೇಲೆ ಮಲಗಿದ ಅಯ್ಯಮ್ಮ ಎರಡು ದೊಡ್ಡ ತೇಗು ತೇಗಿ, "ಅಯ್ಯಮ್ಮಾ, ಈಗ ಹಗುರ ಆಯ್ತು ನೋಡಿ" ಅಂತ ಎದ್ದು ಕೂತಳು! ಥಿಯೇಟರಿಗೆ ಥಿಯೇಟರೇ ನಕ್ಕಿತು. ತಿಂಗಳುಗಟ್ಟಲೆ ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ ಅದೇ ಮಾತು: "ಸಿಸ್ಟರ್, ಮನೇಲಿ ಗ್ಯಾಸ್ ಇದೆಯೋ, ಖಾಲಿ ಆಯ್ತೋ?" ಎಲ್ಲರ ಜೊತೆ ಅವಳೂ ನಕ್ಕಳು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಇನ್ನೊಂದು ಸಲ ಇವಳ ಕಾರಣಕ್ಕೆ ನಾಲ್ಕು ಜನರ ಮುಂದೆ ನಗೆಪಾಟಲಾದರೆ ನನ್ನ ಹೆಸರು ಬದಲಾಯಿಸಿಕೊಳ್ತೀನಿ ಅಂತ ಅವತ್ತೇ ಮನಸ್ಸಿನಲ್ಲಿ ಶಪಥ ಮಾಡಿದಳು. ಶಪಥ ಮಾಡುವಾಗ ಯಾರೂ ಮುಂದಿನದನ್ನು ನೋಡುವುದಿಲ್ಲವಲ್ಲ.

ಆ ಬುಧವಾರ ಬೆಳಗ್ಗೆ ದೊಡ್ಡ ಸಿಸ್ಟರ್ ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಅಯ್ಯಮ್ಮ ಮೆಟ್ಟಿಲಿಳಿದು ಬಂದಳು, ಗೋಡೆ ಹಿಡಿದುಕೊಂಡು.

"ಅಕ್ಕಾ, ಬೆಳಗಿಂದ ಹೊಕ್ಕುಳ ಸುತ್ತ ಯಾರೋ ಹಿಂಡಿದ ಹಾಗೆ ಆಗ್ತಿದೆ. ಟೀ ಕೂಡ ಸೇರ್ತಿಲ್ಲ."

"ನಿನ್ನೆ ಏನು ತಿಂದೆ?"

"ಏನೂ ಇಲ್ಲ ಅಕ್ಕ. ಎಂದಿನ ಊಟಾನೇ."

ದೊಡ್ಡ ಸಿಸ್ಟರ್ ಹೆಗಲಿನ ಚೀಲವನ್ನೂ ಇಳಿಸಲಿಲ್ಲ. ಅವಳನ್ನು ಮಲಗಿಸಲಿಲ್ಲ, ಕೆಮ್ಮು ಅನ್ನಲಿಲ್ಲ. ನಿಂತ ಕಡೆಯೇ, ಬಟ್ಟೆಯ ಮೇಲೆಯೇ ಎರಡು ಬೆರಳಲ್ಲಿ ಒಂದು ಸಲ ಒತ್ತಿದಳು. "ಗ್ಯಾಸು. ಬಿಸಿನೀರು ಕುಡಿದು ನಾಲ್ಕು ಹೆಜ್ಜೆ ಓಡಾಡು, ಹೋಗುತ್ತೆ." ಬಸ್ಸು ಬಂತು, ಹತ್ತಿ ಹೋದಳು. ಅವತ್ತು ಥಿಯೇಟರಿನಲ್ಲಿ ಯಾರದೋ ಹೊಟ್ಟೆಯ ಮೇಲೆ ಹತ್ತು ನಿಮಿಷ ಕೈಯಿಟ್ಟು ಕೂತಿದ್ದಳು ಅನ್ನುವುದನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕು ಅನಿಸುತ್ತದೆ.

ಸಂಜೆ ಬಂದಾಗ ಮೈದುನ ಮೆಟ್ಟಿಲಲ್ಲೇ ಕಾಯುತ್ತಿದ್ದ. "ಅತ್ತಿಗೆ, ಮಧ್ಯಾಹ್ನ ಎರಡು ಸಲ ವಾಂತಿ ಮಾಡಿದ್ಳು. ಈಗ ನೋವು ಈ ಕಡೆ ಅಂತಾಳೆ," ಅಂತ ತನ್ನ ಬಲ ಸೊಂಟ ಮುಟ್ಟಿ ತೋರಿಸಿದ. "ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ್ವಾ?"

ಅಯ್ಯಮ್ಮ ಮಂಚದ ಮೇಲೆ ಮಗ್ಗುಲಾಗಿ, ಬಲಗಾಲನ್ನು ಹೊಟ್ಟೆಗೆ ಮಡಚಿಕೊಂಡು ಮಲಗಿದ್ದಳು. ಆ ಕಾಲು ಮಡಚಿದ್ದನ್ನು ಹೊಸ ಹುಡುಗಿ ನೋಡಿದ್ದರೂ ಹೇಳಿಬಿಡುತ್ತಿದ್ದಳು. ದೊಡ್ಡ ಸಿಸ್ಟರ್ ನೋಡಿದಳು. ನೋಡಿಯೂ, ನಾಟಕಕ್ಕೆ ಏನು ಕಮ್ಮಿ ಇವಳ ಹತ್ತಿರ ಅಂದುಕೊಂಡಳು. ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಮತ್ತೆ ಇವಳು ತೇಗಿ ಎದ್ದು ಕೂತರೆ ಗತಿಯೇನು? ಕಣ್ಣ ಮುಂದೆ ಬಂದದ್ದು ಇವಳ ಹೊಟ್ಟೆಯಲ್ಲ, ಕ್ಯಾಂಟೀನಿನ ಆ ನಗು. ಮನೆಯಲ್ಲಿದ್ದ ಸ್ಟೀಲ್ ಡಬ್ಬಿಯಿಂದ ನೋವಿನ ಇಂಜೆಕ್ಷನ್ ತೆಗೆದು ಚುಚ್ಚಿದಳು. ಹೊಟ್ಟೆನೋವು ಏನು ಎತ್ತ ಅಂತ ತಿಳಿಯದೆ ನೋವಿಗೆ ಔಷಧಿ ಕೊಟ್ಟು ಮನೆಯಲ್ಲಿ ಕೂರಿಸಬಾರದು, ರೋಗ ಮುಸುಕು ಹೊದ್ದು ಮಲಗುತ್ತದೆ ಅಂತ ಅವಳೇ ಎಷ್ಟು ಜನರನ್ನು ಬೈದಿರಲಿಲ್ಲ! ಹೇಳೋದು ಶಾಸ್ತ್ರ, ಹಾಕೋದು ಗಾಳ.

ಗುರುವಾರ ಅವಳಿಗೆ ವಾರದ ರಜೆ. ಬೆಳಗ್ಗೆ ಅಯ್ಯಮ್ಮನ ಮೈ ಬೆಚ್ಚಗಿತ್ತು, ನೋವು ಹಾಗೇ ಇತ್ತು. ಮೈದುನ ಮತ್ತೆ ಕೇಳಿದ. "ಅತ್ತಿಗೆ, ನಿಮಗಿಂತ ನನಗೆ ಜಾಸ್ತಿ ಗೊತ್ತು ಅಂತಲ್ಲ, ಒಂದ್ಸಲ ಡಾಕ್ಟ್ರಿಗೆ..." ಅವನ ಮಾತನ್ನು ಅಲ್ಲೇ ತುಂಡರಿಸಿದಳು. "ನಾನೇನು ಈ ಮೂವತ್ತು ವರ್ಷ ಅಲ್ಲಿ ಕಸ ಗುಡಿಸ್ತಿದ್ನಾ?" ಹತ್ತು ಗಂಟೆಗೆ ಇನ್ನೊಂದು ಇಂಜೆಕ್ಷನ್ ಕೊಟ್ಟಳು. ಹನ್ನೆರಡರ ಹೊತ್ತಿಗೆ ನೋವು ನಿಂತಿತು. ಸ್ವಿಚ್ ಆರಿಸಿದ ಹಾಗೆ ನಿಂತಿತು. ಅಯ್ಯಮ್ಮ ದಿಂಬಿಗೆ ಒರಗಿ ಕೂತು, ಅರ್ಧ ಲೋಟ ಟೀ ಕುಡಿದು, ಬಾಡಿದ ಮುಖದಲ್ಲೇ ನಕ್ಕಳು. "ಅಕ್ಕಾ, ನಿಮ್ಮ ಕೈಗುಣ ಅಂದ್ರೆ ಕೈಗುಣ."

ನಗಬೇಡಿ, ಓಡಿ ಅಂತ ಪಾಠ ಹೇಳಿದವಳು ಆಗ ಏನು ಮಾಡಿದಳು? ನಕ್ಕಳು. ಬೀಗಿದಳು. ಮೆಟ್ಟಿಲಿಳಿಯುತ್ತ ಮೈದುನನಿಗೆ ಕೇಳಿಸುವ ಹಾಗೆ, "ನೋಡಿದ್ಯಾ? ಆಸ್ಪತ್ರೆ ಆಸ್ಪತ್ರೆ ಅಂತ ಕುಣಿದೆಯಲ್ಲ. ಹೋಗಿದ್ರೆ ಇಷ್ಟೊತ್ತಿಗೆ ಮತ್ತೆ ತೇಗಿ ಎದ್ದು ಕೂತು ನನ್ನ ಮಾನ ಕಳೀತಿದ್ಳು ನಿನ್ನ ಹೆಂಡ್ತಿ. ಎಲ್ಲಾ ನಾಟಕ," ಅಂದಳು. ಅವನೂ ಹಗುರಾಗಿ ನಕ್ಕು ಕೆಲಸಕ್ಕೆ ಹೋದ. ಅವಳು ಊಟ ಮಾಡಿ, ಒಗೆದ ಬಟ್ಟೆ ಮಡಚಿಟ್ಟು, ಒಂದು ಸಣ್ಣ ನಿದ್ದೆಯನ್ನೂ ತೆಗೆದಳು.

ನಾಲ್ಕು ಗಂಟೆಗೆ ಟೀ ಮಾಡಿಕೊಂಡು ಮೇಲೆ ಹೋದಳು. ಅಯ್ಯಮ್ಮ ಅಂಗಾತ ಮಲಗಿ ಸೂರು ನೋಡುತ್ತಿದ್ದಳು. ಹಣೆಯ ಮೇಲೆ ಬೆವರು. ಮುಖ ಬೂದಿ ಬಣ್ಣ. ಉಸಿರು ಮೇಲೆ ಮೇಲೆ, ಹೊಟ್ಟೆ ಮಾತ್ರ ಅಲುಗುತ್ತಿಲ್ಲ. "ಏನೇ?" ಅಂದರೆ ಒಂದು ಅಯ್ಯಮ್ಮ ಇಲ್ಲ, ಒಂದು ನರಳಾಟ ಇಲ್ಲ. ದೊಡ್ಡ ಸಿಸ್ಟರ್ ಲೋಟ ಕೆಳಗಿಟ್ಟು ಬಟ್ಟೆ ಸರಿಸಿ ಅಂಗೈ ಇಟ್ಟಳು. ಹೊಟ್ಟೆ ಹಲಗೆಯಾಗಿತ್ತು. ನಾಡಿ ಬೆರಳಿಗೆ ಸಿಗದ ಹಾಗೆ ಓಡುತ್ತಿತ್ತು. ಎರಡು ದಿನದಿಂದ ನಡೆದದ್ದೆಲ್ಲ, ಹೊಕ್ಕುಳ ಸುತ್ತಿನ ಹಿಂಡಿಕೆ, ವಾಂತಿ, ಮಡಚಿದ ಬಲಗಾಲು, ನಿಂತ ನೋವು, ಒಂದೊಂದೂ ಸಾಲಾಗಿ ಅವಳ ಮುಂದೆ ಬಂದು ನಿಂತಿತು. ಪಾಠ ಹೇಳಿದ ಸಾಲೇ, ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ.

ಮೈದುನನಿಗೆ ಫೋನು ಹೋಯಿತು, ಆಟೋ ಬಂತು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟರು. ಅರ್ಧ ಗಂಟೆಯಲ್ಲಿ ಎಮರ್ಜೆನ್ಸಿಯಲ್ಲಿದ್ದರು. ಬಂದವನು ಸಣ್ಣ ಡಾಕ್ಟರು. ಹಾಗೆ ಕರೆಯುವುದು ವಾಡಿಕೆ, ಸಣ್ಣವನೇನಲ್ಲ, ನಲವತ್ತರ ಹತ್ತಿರದ ಸರ್ಜನ್ನು. ಆದರೆ ಅವನು ಕಲಿಯಲು ಬಂದ ದಿನಗಳಲ್ಲಿ ಗಂಟು ಹಾಕುವಾಗ ಕೈ ನಡುಗಿದರೆ "ಅವಸರ ಬೇಡ ಡಾಕ್ಟ್ರೇ" ಅಂತ ಧೈರ್ಯ ಹೇಳಿದವಳು ದೊಡ್ಡ ಸಿಸ್ಟರೇ. ಅವಳ ಮಾತೆಂದರೆ ಅವನಿಗೆ ವೇದವಾಕ್ಯ. ಅವನು ಹೊಟ್ಟೆ ಮುಟ್ಟಿ ಹುಬ್ಬು ಗಂಟಿಕ್ಕಿದ.

"ಯಾವಾಗಿಂದ ಸಿಸ್ಟರ್?"

ಸುತ್ತ ನಿಂತವರು ಯಾರ್ಯಾರು? ಪುಸ್ತಕದಲ್ಲಿ ಪಾಠ ಬರೆದುಕೊಂಡ ಹುಡುಗಿ. ಗ್ಯಾಸ್ ಖಾಲಿ ಆಯ್ತಾ ಅಂತ ಕೇಳಿದ ವಾರ್ಡ್ ಬಾಯ್. ಮೈದುನ. ದೊಡ್ಡ ಸಿಸ್ಟರ್ ಬಾಯಿ ತೆರೆದಳು, "ಇವತ್ತು ಬೆಳಗ್ಗೆಯಿಂದ" ಅಂತ ಬಂತು. ಅವಳು ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನಾಗಿ ಹೇಳಿತು. ಮೈದುನ ತಲೆಯೆತ್ತಿ ನೋಡಿದ, ಅತ್ತಿಗೆಗೆ ಗೊತ್ತಿಲ್ಲದ್ದೇ ಅಂತ ಸುಮ್ಮನಾದ.

"ನೋವಿಗೆ ಏನಾದ್ರೂ ಕೊಟ್ಟಿದ್ರಾ?"

"ಇಲ್ಲ."

"ತಲೆನೋವು ಗಿಲೆನೋವು ಅಂತ ಮಾತ್ರೆ ನುಂಗೋ ಅಭ್ಯಾಸ?"

"ದಿನಾ ಒಂದಾದ್ರೂ ನುಂಗ್ತಾಳೆ ಸರ್," ಅಂದ ಮೈದುನ.

ಸಣ್ಣ ಡಾಕ್ಟರ್ ತಲೆಯಾಡಿಸಿದ. ದೊಡ್ಡ ಸ್ಕ್ಯಾನ್ ಯಂತ್ರ ಎರಡು ದಿನದಿಂದ ಕೆಟ್ಟು ಕೂತಿತ್ತು. ಸಣ್ಣದರಲ್ಲಿ ನೀರು, ಗಾಳಿ ಬಿಟ್ಟರೆ ಏನೂ ಕಾಣಲಿಲ್ಲ. "ಬೆಳಗ್ಗೆ ಶುರುವಾಗಿ ಸಂಜೆಗೆ ಹೊಟ್ಟೆ ಹೀಗಾಗ್ಬೇಕಾದ್ರೆ ಅಪೆಂಡಿಕ್ಸ್ ಅಲ್ಲ ಸಿಸ್ಟರ್. ಅಪೆಂಡಿಕ್ಸ್ ಒಡೆಯೋಕೆ ಇನ್ನೂ ಸಮಯ ಬೇಕು. ಮಾತ್ರೆ ತಿಂದು ತಿಂದು ಜಠರದಲ್ಲಿ ಹುಣ್ಣಾಗಿ ಅದು ತೂತಾಗಿದೆ. ಮೇಲ್ಗಡೆಯಿಂದ ತೆರೀತೀನಿ. ನೀವೇನಂತೀರಾ?"

"ನೀವು ಹೇಳಿದ ಹಾಗೆ ಸರ್," ಅಂದಳು ದೊಡ್ಡ ಸಿಸ್ಟರ್.

ಅಲ್ಲಿಂದ ಥಿಯೇಟರಿಗೆ ಮುಕ್ಕಾಲು ಗಂಟೆ. ಸಲೈನ್ ಹಾಕಿದರು, ರಕ್ತ ತೆಗೆದರು, ಕಾಗದಕ್ಕೆ ಸಹಿ ಮಾಡಿಸಿದರು. ಈಗ ಹೇಳ್ತೀನಿ, ಈ ಹುಡುಗಿ ಆಚೆ ಹೋಗಲಿ, ಹೇಳ್ತೀನಿ ಅಂದುಕೊಳ್ಳುತ್ತ ದೊಡ್ಡ ಸಿಸ್ಟರ್ ಸ್ಟ್ರೆಚರ್ ಹಿಂದೆ ಹೆಜ್ಜೆ ಹಾಕಿದಳು. ಹುಡುಗಿ ಹೋದಳು, ಇನ್ನೊಬ್ಬ ಬಂದ. ಲಿಫ್ಟಿನಲ್ಲಿ ಡಾಕ್ಟರ್ ಒಬ್ಬನೇ ಇದ್ದ, ಆಗಲೂ ಸಲೈನ್ ಬಾಟಲಿ ನೋಡುತ್ತ ನಿಂತುಬಿಟ್ಟಳು. ಎಷ್ಟು ನಾಚಿಕೆಗೇಡು ನೋಡಿ, ಒಂದು ಜೀವ ಮುಂದೆ ಮಲಗಿದೆ, ಇವಳಿಗೆ ನಾಳೆ ಕ್ಯಾಂಟೀನಿನಲ್ಲಿ ಏನಂತಾರೋ ಅನ್ನುವ ಚಿಂತೆ! ಮೇಲಿಂದ ತೆರೆದರೆ ಏನಾಗುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಜಠರವನ್ನು ಹಿಂದೆ ಮುಂದೆ ಹುಡುಕುತ್ತಾರೆ, ಅಲ್ಲಿ ಏನೂ ಸಿಗುವುದಿಲ್ಲ, ಆಮೇಲೆ ಕೆಳಗಿನವರೆಗೂ ಕೊಯ್ಯಬೇಕು. ಅಷ್ಟು ಹೊತ್ತು ಎಚ್ಚರ ತಪ್ಪಿಸಿ ಇಡಲು ಆ ನಾಡಿಯಲ್ಲಿ ಶಕ್ತಿಯಿಲ್ಲ. ಅಯ್ಯಮ್ಮ ಮೇಜಿನ ಮೇಲೇ ಹೋಗಿಬಿಡಬಹುದು.

ಡ್ಯೂಟಿ ಇಲ್ಲದಿದ್ದರೂ ಅವಳು ಟೋಪಿ, ಮಾಸ್ಕು ಹಾಕಿಕೊಂಡು ಒಳಗೆ ಬಂದಳು. ಮನೆಯವರು ಥಿಯೇಟರಿನಲ್ಲಿ ನಿಲ್ಲಬಾರದು ಅಂತ ನಿಯಮ, ಆದರೆ ಅವಳಿಗೆ ಬೇಡ ಅನ್ನುವ ಎದೆ ಯಾರಿಗಿತ್ತು? ಅರಿವಳಿಕೆ ಡಾಕ್ಟರು ಅಯ್ಯಮ್ಮನನ್ನು ಮಲಗಿಸಿದರು. ಸಣ್ಣ ಡಾಕ್ಟರ್ ಎದೆಗೂಡಿನ ಕೆಳಗಿಂದ ಹೊಕ್ಕುಳವರೆಗೆ ಪೆನ್ನಿನಲ್ಲಿ ಗೆರೆ ಎಳೆದ. ಚಾಕು ಕೇಳುವ ಮುಂಚೆ ಆ ಥಿಯೇಟರಿನಲ್ಲಿ ಒಂದು ಪದ್ಧತಿಯಿದೆ. ಎಲ್ಲರೂ ಕೈ ನಿಲ್ಲಿಸಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ರೋಗಿ ಯಾರು, ರೋಗ ಏನು, ಎಲ್ಲಿ ಕೊಯ್ಯುವುದು, ಏನು ಔಷಧಿ ಹೋಗಿದೆ. ಕೊನೆಗೆ ಒಂದು ಪ್ರಶ್ನೆ ಕೇಳಬೇಕು. ಟೈಮ್ ಔಟ್ ಅನ್ನುತ್ತಾರೆ ಅದಕ್ಕೆ. ಎಷ್ಟೇ ಅವಸರವಿದ್ದರೂ ಆ ಒಂದು ನಿಮಿಷ ಬಿಡಕೂಡದು ಅಂತ ಜಗಳವಾಡಿ ರೂಢಿಗೆ ತಂದವಳೇ ದೊಡ್ಡ ಸಿಸ್ಟರ್. ಅಭ್ಯಾಸಬಲದಿಂದ ಹುಡುಗಿ ಕಾಗದವನ್ನು ಅವಳ ಕೈಗೇ ಕೊಟ್ಟಳು.

ಅವಳು ಓದಿದಳು. ಅಯ್ಯಮ್ಮನ ನಿಜವಾದ ಹೆಸರು ಓದುವಾಗ ನಾಲಿಗೆ ತಡವರಿಸಿತು, ಆ ಹೆಸರನ್ನು ಬಾಯಿಬಿಟ್ಟು ಅಂದು ಎಷ್ಟು ವರ್ಷವಾಗಿತ್ತೋ. ವಯಸ್ಸು ಮೂವತ್ತೆಂಟು. ಜಠರದ ಹುಣ್ಣು ಒಡೆದ ಶಂಕೆ. ನೋವು ಶುರುವಾಗಿದ್ದು ಇಂದು ಬೆಳಗ್ಗೆ. ಮೊದಲು ಕೊಟ್ಟ ಔಷಧಿ ಏನೂ ಇಲ್ಲ. ಅವಳದೇ ಸುಳ್ಳನ್ನು ಅವಳೇ ಗಟ್ಟಿಯಾಗಿ ಓದಿದಳು. ಆಮೇಲೆ ಕೊನೆಯ ಸಾಲು.

"ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?"

ಡಾಕ್ಟರ್ ಚಾಕುವಿಗೆ ಕೈ ಚಾಚಿದ. ಯಂತ್ರ ಟಿಕ್ ಟಿಕ್ ಅಂತ ನಾಡಿ ಎಣಿಸುತ್ತಿತ್ತು, ನೂರ ನಲವತ್ತು.

"ನಂಗಿದೆ," ಅಂದಳು ದೊಡ್ಡ ಸಿಸ್ಟರ್.

ಎಲ್ಲರ ಕಣ್ಣು ಅವಳ ಕಡೆಗೆ ತಿರುಗಿತು. ಮಾಸ್ಕ್ ಇದ್ದರೆ ಕಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವಳು ಕಾಗದದ ಮೇಲಿಂದ ತಲೆಯೆತ್ತಲಿಲ್ಲ. "ನಾನು ಹೇಳಿದ್ದು ಸುಳ್ಳು ಸರ್. ನೋವು ಇವತ್ತಿಂದಲ್ಲ, ನಿನ್ನೆ ಬೆಳಗ್ಗೆಯಿಂದ. ಹೊಕ್ಕುಳ ಹತ್ರ ಶುರುವಾಗಿ ಸಂಜೆಗೆ ಬಲಕ್ಕೆ ಇಳೀತು. ನೋವಿಗೆ ಎರಡು ಇಂಜೆಕ್ಷನ್ ಕೊಟ್ಟಿದೀನಿ, ನಾನೇ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ನೋವು ನಿಂತೋಯ್ತು. ಜಠರ ಅಲ್ಲ. ಅಪೆಂಡಿಕ್ಸ್, ಒಡೆದಿದೆ."

ಪಾಠ ಬರೆದುಕೊಂಡ ಹುಡುಗಿಯ ಕೈಯಿಂದ ಹತ್ತಿಯ ಉಂಡೆ ಜಾರಿತು. ಭೂಮಿ ಬಾಯಿ ಬಿಟ್ಟಿದ್ದರೆ ದೊಡ್ಡ ಸಿಸ್ಟರ್ ಒಳಗೆ ಇಳಿದುಹೋಗುತ್ತಿದ್ದಳು. ಸಣ್ಣ ಡಾಕ್ಟರ್ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಸ್ಪಿರಿಟ್ಟಿನಲ್ಲಿ ಮೇಲಿನ ಗೆರೆ ಒರೆಸಿ, ಹೊಕ್ಕುಳ ಕೆಳಗೆ ಹೊಸ ಗೆರೆ ಎಳೆದ.

"ನೀವು ಹೊರಗೆ ಇರಿ ಸಿಸ್ಟರ್," ಅಂದ. ದನಿ ಏರಿಸಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಥಿಯೇಟರಿನ ಎದುರು ರೋಗಿಗಳ ಮನೆಯವರು ಕೂರುವ ಒಂದು ಉದ್ದನೆಯ ಬೆಂಚಿದೆ. ಮೂವತ್ತೊಂದು ವರ್ಷ ಅದರ ಮುಂದೆಯೇ ಓಡಾಡಿದ್ದರೂ ಅವಳು ಅದರ ಮೇಲೆ ಕೂತದ್ದು ಅವತ್ತೇ ಮೊದಲು. ಮೈದುನ ಗಾಬರಿಯಾಗಿ ಎದ್ದ. "ಯಾಕೆ ಅತ್ತಿಗೆ ಹೊರಗೆ ಬಂದ್ರಿ? ಏನಾಯ್ತು ಅವಳಿಗೆ?" ಅವಳು ಅವನಿಗೂ ಹೇಳಿದಳು. ನಿನ್ನೆಯೇ ಕರೆತಂದಿದ್ದರೆ ಅರ್ಧ ಗಂಟೆಯ ಕೆಲಸವಿತ್ತು, ಮೂರನೇ ದಿನ ಮನೆಗೆ ಹೋಗುತ್ತಿದ್ದಳು, ನಾನು ಬಿಡಲಿಲ್ಲ ಅಂದಳು. ಅವನು ಕೂಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಕೂಗಾಡಲಿಲ್ಲ. ಹೋಗಿ ಬೆಂಚಿನ ಆ ತುದಿಯಲ್ಲಿ, ಗೋಡೆ ಕಡೆ ಮುಖ ಮಾಡಿ ಕೂತ. ಎರಡು ಗಂಟೆ ಹಾಗೇ ಕೂತಿದ್ದ.

ಅಪೆಂಡಿಕ್ಸ್ ಒಡೆದೇ ಇತ್ತು. ಬುಡದ ಹತ್ತಿರ ಕೊಳೆತು, ಕೀವು ಕರುಳಿನ ಮಡಿಕೆಗಳಲ್ಲೆಲ್ಲ ಹರಡಿತ್ತು. ಬಾಲವನ್ನು ಕಟ್ಟಿ ಕತ್ತರಿಸಿ ತೆಗೆದರು, ಸಲೈನ್ ಸುರಿದು ಸುರಿದು ಹೊಟ್ಟೆ ತೊಳೆದರು, ಪಕ್ಕದಲ್ಲಿ ಕೊಳೆ ಇಳಿಯಲು ಒಂದು ಟ್ಯೂಬು ಇಟ್ಟರು. ಮೇಲಿನ ಚರ್ಮಕ್ಕೆ ಹೊಲಿಗೆ ಹಾಕಲಿಲ್ಲ. ಹಾಕಿದರೆ ಒಳಗೇ ಕೀವು ಕಟ್ಟುತ್ತದೆ ಅಂತ ತೆರೆದೇ ಬಿಟ್ಟು ಬಟ್ಟೆ ತುಂಬಿದರು. ಎರಡು ದಿನ ಅವಳು ಅತ್ತಲೋ ಇತ್ತಲೋ ಅನ್ನುವ ಹಾಗಿದ್ದಳು. ಮೂರನೇ ದಿನ ಜ್ವರ ಇಳಿಯಿತು, ಐದನೇ ದಿನ ಎರಡು ಚಮಚ ಗಂಜಿ ಕುಡಿದಳು.

ಆ ಮಧ್ಯೆ ದೊಡ್ಡ ಸಿಸ್ಟರ್ ಕೇಸ್ ಶೀಟ್ ತೆಗೆದು, ನಡೆದದ್ದನ್ನು ತಾರೀಖು ಸಮೇತ ತನ್ನ ಕೈಯಾರೆ ಬರೆದು ಸಹಿ ಹಾಕಿದಳು. ಕ್ಯಾಂಟೀನಿನಲ್ಲಿ ಯಾರೂ ನಗಲಿಲ್ಲ. ಅವಳು ಹೋದರೆ ಮಾತು ನಿಲ್ಲಿಸುತ್ತಿದ್ದರು, ಅಷ್ಟೆ. ನಗುವೇ ಎಷ್ಟೋ ಮೇಲಿತ್ತು ಅಂತ ಆಗ ಗೊತ್ತಾಯಿತು.

ಮೈದುನ ಹೆಂಡತಿಗೆ ಏನೂ ಹೇಳಿರಲಿಲ್ಲ. ಹಾಗಾಗಿ ಎಂಟನೇ ದಿನ ಸಂಜೆ ದೊಡ್ಡ ಸಿಸ್ಟರ್ ವಾರ್ಡಿಗೆ ಹೋದಾಗ ಅಯ್ಯಮ್ಮ ಪಕ್ಕದ ಮಂಚದ ಅಜ್ಜಿಗೆ ಹೇಳುತ್ತಿದ್ದಳು: "ಇವರೇ ಅಜ್ಜೀ ನಮ್ಮಕ್ಕ. ಇವರಿಲ್ದಿದ್ರೆ ನ‌ನ್ನ ಕಥೆ ಅವತ್ತೇ ಮುಗೀತಿತ್ತು." ಅಜ್ಜಿ ಕೈಯೆತ್ತಿ ಮುಗಿಯಿತು. ದೊಡ್ಡ ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತು, ಅಜ್ಜಿಗೂ ಕೇಳಿಸುವ ಹಾಗೆಯೇ ಹೇಳಿದಳು.

"ಹಾಗನ್ನಬೇಡ ಕಣೇ. ನಿನ್ನ ಈ ಗತಿಗೆ ತಂದಿದ್ದೇ ನಾನು. ಮೊದಲ ದಿನವೇ ನನಗೆ ಗೊತ್ತಾಗ್ಬೇಕಿತ್ತು. ನೀನು ನಾಟಕ ಮಾಡ್ತಿದೀಯ ಅಂದ್ಕೊಂಡೆ. ಇಲ್ಲಿ ಬಂದ ಮೇಲೂ ಡಾಕ್ಟ್ರಿಗೆ ಸುಳ್ಳು ಹೇಳ್ದೆ."

ಅಯ್ಯಮ್ಮ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಚ್ಚಿದಳು. "ನಾಟಕ ಅಂದಿದ್ದು ಗೊತ್ತು ಅಕ್ಕ. ಮೆಟ್ಟಿಲಲ್ಲಿ ಇವರಿಗೆ ಹೇಳ್ತಾ ಇದ್ರಲ್ಲ, ಮೇಲೆ ಕೇಳಿಸ್ತು."

"ಕೇಳಿಸ್ತಾ?"

"ಹೂಂ. ಅವತ್ತು ನಿಂತ ನೋವು ಎರಡು ಗಂಟೆಗೆಲ್ಲ ತಿರುಗಿ ಬಂತು. ಹೊಟ್ಟೆ ಪೂರ್ತಿ. ನೀವು ನಾಲ್ಕಕ್ಕೆ ಟೀ ತಂದ್ರಿ ನೋಡಿ, ಅಲ್ಲೀವರೆಗೂ ಎಚ್ಚರವಾಗೇ ಇದ್ದೆ."

"ಎರಡು ಗಂಟೆ ಹೊತ್ತಾ? ಕೂಗಬಾರ್ದಿತ್ತೇನೇ? ಕೆಳಗೇ ಇದ್ನಲ್ಲೇ ನಾನು!"

"ಹೇಗೆ ಕೂಗ್ಲಿ ಅಕ್ಕ?" ಅಯ್ಯಮ್ಮ ಅವಳ ಮುಖ ನೋಡದೆ ಹೇಳಿದಳು. "ಈಗ ತಾನೇ ವಾಸಿಯಾಯ್ತು ಅಂದವಳು, ಮತ್ತೆ ನೋವು ಅಂತ ಯಾವ ಮುಖ ಇಟ್ಕೊಂಡು ಹೇಳೋದು? ನನಗೇ ನಾಚಿಕೆ ಆಯ್ತು. ನೀವು ಮಲಗಿದ್ರಿ, ಎದ್ದ ಮೇಲೆ ಹೇಳಿದ್ರಾಯ್ತು ಅಂತ ಸುಮ್ನಿದ್ದೆ."

ದೊಡ್ಡ ಸಿಸ್ಟರಿಗೆ ಅದುವರೆಗೆ ಪಟ್ಟ ನಾಚಿಕೆಯೆಲ್ಲ ನಾಚಿಕೆಯೇ ಅಲ್ಲ ಅನಿಸಿತು. ತಾನು ಕೆಳಗೆ ನಿದ್ದೆ ಹೊಡೆಯುತ್ತಿದ್ದಾಗ ಮೇಲೆ ಇವಳು ಹೊಟ್ಟೆ ತುಂಬ ಕೀವಿಟ್ಟುಕೊಂಡು, ತನಗೆ ನಾಚಿಕೊಂಡು, ಬಾಯಿ ಮುಚ್ಚಿ ಮಲಗಿದ್ದಳು. ದೊಡ್ಡ ಸಿಸ್ಟರ್ ಮಂಚದ ತುದಿಗೆ, ಅಯ್ಯಮ್ಮನ ಕಾಲಿನ ಮೇಲೆ ತಲೆಯಿಟ್ಟು, ಮಗುವಿನ ಹಾಗೆ ಗಟ್ಟಿಯಾಗಿ ಅತ್ತಳು. ಅಜ್ಜಿ ಎದ್ದು ಕೂತಿತು. ನರ್ಸ್ ಹುಡುಗಿಯರು ಬಾಗಿಲಲ್ಲಿ ಬಂದು ನಿಂತರು. ಆಚೆ ಮಂಚಗಳವರೆಲ್ಲ ಕತ್ತು ಉದ್ದ ಮಾಡಿದರು.

"ಏಳಿ ಅಕ್ಕಾ," ಅಂತ ಅಯ್ಯಮ್ಮ ಅವಳ ಭುಜ ಅಲುಗಿಸಿದಳು. "ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡೇ," ಅಂದಳು ದೊಡ್ಡ ಸಿಸ್ಟರ್.